ಗೋವಿನಜೋಳಕ್ಕೆ ಹೊಡೆದ ಅಟ್ರಜಿನ್ ಹಿಂಗಾರಿ ಕಡಲೆಗೆ ಕಾಡುತ್ತದಾ?

ಪ್ರಶ್ನೆ: ಸರ್, ನಮಸ್ಕಾರ. ರಾಣೆಬೆನ್ನೂರು ಕಡೆ ಎರೆ ಹೊಲ, ರಸಸಾರ (pH) 8.3. ಜೂನ್‌ನಲ್ಲಿ ಗೋವಿನಜೋಳ ಬಿತ್ತಿದ ಮರುದಿನ ಎಕರೆಗೆ 1 ಕಿಲೋ ಅಟ್ರಜಿನ್ 50% ಕಳೆನಾಶಕ ಪುಡಿ ಹೊಡೆಸಿದ್ವಿ. ಆಮೇಲೆ ಮಳೆ ಕೈಕೊಟ್ಟಿತು. ಅಕ್ಟೋಬರ್‌ನಲ್ಲಿ ಕಡಲೆ ಬಿತ್ತಬಹುದಾ?

ಉತ್ತರ (ಕಳೆ ನಿರ್ವಹಣೆ ತಜ್ಞರು): ಪರೀಕ್ಷೆ ಮಾಡದೆ ಬಿತ್ತಬೇಡಿ. ಲೇಬಲ್ ಪ್ರಮಾಣ ಎಕರೆಗೆ 400–800 ಗ್ರಾಂ. ನೀವು ಅದನ್ನು ದಾಟಿದ್ದೀರಿ. ಅಟ್ರಜಿನ್ ಸುಮಾರು 60 ದಿನಕ್ಕೆ ಅರ್ಧವಾಗುತ್ತದೆ ಅಂತ ಪುಸ್ತಕಗಳಲ್ಲಿರುತ್ತದೆ. ಆ ಲೆಕ್ಕದಲ್ಲಿ ನಿಮ್ಮ 1 ಕಿಲೋ ಪುಡಿಯಲ್ಲಿದ್ದ 500 ಗ್ರಾಂ ಮೂಲವಸ್ತು 120 ದಿನಕ್ಕೆ 125 ಗ್ರಾಂಗೆ ಇಳಿಯಬೇಕು. ಆದರೆ ಅದನ್ನು ಒಡೆಯುವ ಸೂಕ್ಷ್ಮಜೀವಿಗಳಿಗೆ ತೇವ ಬೇಕು. ಒಣಗಿದ ಮಣ್ಣಿನಲ್ಲಿ ಕಳೆದ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ರಸಸಾರ 8ರ ಮೇಲಿದ್ದರೆ ನೀರಿನಿಂದಾಗುವ ರಾಸಾಯನಿಕ ವಿಘಟನೆಯೂ ನಿಧಾನ. ವರ್ಷ ವರ್ಷ ಅಟ್ರಜಿನ್ ಕಂಡ ಹೊಲದಲ್ಲಿ ಇದಕ್ಕೆ ತದ್ವಿರುದ್ಧ: ಅದನ್ನೇ ತಿನ್ನುವ ಬ್ಯಾಕ್ಟೀರಿಯಾ ಬೆಳೆದು ಕೆಲವೇ ವಾರಗಳಲ್ಲಿ ಮುಗಿಸಿಬಿಡಬಹುದು. ಹಾಗಾಗಿ ಕ್ಯಾಲೆಂಡರ್ ನಂಬಬೇಡಿ, ಕುಂಡ ನಂಬಿ.

ಕಟಾವಿಗೆ ಮೊದಲೇ, ಸೆಪ್ಟೆಂಬರ್ ಕೊನೆಗೆ ಕುಂಡದ ಪರೀಕ್ಷೆ ಶುರು ಮಾಡಿ. ಹೊಲದ 8–10 ಕಡೆ 10 ಸೆಂ.ಮೀ. ಆಳದ ಮಣ್ಣು ತೆಗೆಯಿರಿ. ಪಂಪು ತಿರುಗಿಸಿದ ತುದಿಗಳಲ್ಲಿ ಔಷಧಿ ಎರಡೆರಡು ಸಲ ಬಿದ್ದಿರುತ್ತದೆ, ಆ ಮಣ್ಣನ್ನು ಬೇರೆ ಇಡಿ. ಹೋಲಿಸಲು ಔಷಧಿ ಬೀಳದ ಬದುವಿನ ಮಣ್ಣು. ತೂತಿರುವ ಕುಂಡಗಳಲ್ಲಿ ಸೌತೆ ಮತ್ತು ಕಡಲೆ ಹಾಕಿ 3 ವಾರ ಬಿಸಿಲಲ್ಲೇ ಇಡಿ. ಅಟ್ರಜಿನ್ ದ್ಯುತಿಸಂಶ್ಲೇಷಣೆ ತಡೆಯುವಂಥದ್ದು. ನೆರಳಲ್ಲಿಟ್ಟರೆ ಹಾನಿ ಸರಿಯಾಗಿ ಕಾಣುವುದಿಲ್ಲ.

ಪ್ರಶ್ನೆ: ಮೊಳಕೆ ಚೆನ್ನಾಗಿ ಬಂದರೆ ಸಾಕಲ್ವಾ?

ಉತ್ತರ: ಸಾಲದು, ಬಹಳ ಜನ ಎಡವುವುದು ಇಲ್ಲೇ. ಬೀಜದ ಆಹಾರ ಇರುವಷ್ಟು ದಿನ ಸಸಿ ಹಸಿರಾಗಿಯೇ ಇರುತ್ತದೆ. ಆಮೇಲೆ ಕೆಳಗಿನ ಹಳೆ ಎಲೆಗಳ ಅಂಚು ಹಳದಿಯಾಗಿ ಒಳಮುಖವಾಗಿ ಸುಡುತ್ತಾ ಬರುತ್ತದೆ. ಹಾಗೆ ಕಂಡರೆ ಆ ತಾಕಿಗೆ ಕಡಲೆ ಬೇಡ, ಹಿಂಗಾರಿ ಜೋಳ ಹಾಕಿ. ಜೋಳ ಅಟ್ರಜಿನ್ ತಡೆದುಕೊಳ್ಳುತ್ತದೆ. ಆಳ ಉಳುಮೆಯಿಂದ ಔಷಧಿ ಹೆಚ್ಚು ಮಣ್ಣಿಗೆ ಹಂಚಿಹೋಗುತ್ತದೆ, ಕಡಿಮೆಯಾಗುವುದಿಲ್ಲ. ಕೊಟ್ಟಿಗೆ ಗೊಬ್ಬರ ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತದೆ. ಮಾಮೂಲಿ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಇದ್ಯಾವುದೂ ಬರುವುದಿಲ್ಲ.

ಇನ್ನೊಬ್ಬರ ಪ್ರಶ್ನೆ: ಅಟ್ರಜಿನ್ ಬೋರ್‌ವೆಲ್‌ಗೆ ಇಳಿಯುತ್ತಾ? ಅದಕ್ಕಿಂತ ಗ್ಲೈಫೊಸೇಟ್ ಕಳೆನಾಶಕ ವಾಸಿನಾ?

ಉತ್ತರ (ಮಣ್ಣು ವಿಜ್ಞಾನಿ): ಎರಡರ ದಾರಿ ಬೇರೆ. ಗ್ಲೈಫೊಸೇಟ್ ಜೇಡಿಗೆ, ಕಬ್ಬಿಣ–ಅಲ್ಯೂಮಿನಿಯಂ ಆಕ್ಸೈಡ್‌ಗಳಿಗೆ ಗಟ್ಟಿಯಾಗಿ ಅಂಟುತ್ತದೆ. ಹೋದರೆ ಬಹುಪಾಲು ಕೊಚ್ಚಿಹೋಗುವ ಮಣ್ಣಿನ ಜೊತೆ ಹಳ್ಳಕ್ಕೆ. ಅಟ್ರಜಿನ್ ಹಿಡಿತ ಸಡಿಲ, ನೀರಿನ ಜೊತೆ ಇಳಿಯುತ್ತದೆ. ಅದು ಒಡೆದು ಆಗುವ ಡಿಈಥೈಲ್ ಅಟ್ರಜಿನ್ ಇನ್ನೂ ಚುರುಕು. ಅಂತರ್ಜಲದ ಕಾರಣಕ್ಕೇ ಯುರೋಪ್ ಒಕ್ಕೂಟ 2004ರಲ್ಲಿ ಅಟ್ರಜಿನ್‌ಗೆ ಅನುಮತಿ ನಿರಾಕರಿಸಿತು. ಅಲ್ಲಿ ಅಂತರ್ಜಲಕ್ಕೆ ಮಿತಿ ಲೀಟರಿಗೆ 0.1 ಮೈಕ್ರೊಗ್ರಾಂ.

ಎರೆಯಲ್ಲಿ ಇನ್ನೊಂದು ತೊಡಕು. ಜೇಡಿ ಜಾಸ್ತಿ, ನೀರು ಇಳಿಯಲ್ಲ ಅಂತ ನಿಶ್ಚಿಂತರಾಗಬೇಡಿ. ಬಿರುಕು ಬಿಟ್ಟ ನೆಲಕ್ಕೆ ಹೊಡೆದ ಮೇಲೆ ಜೋರು ಮಳೆ ಬಂದರೆ ನೀರು ಮಣ್ಣಿನ ಮೈ ಸೋಕದೆ ಬಿರುಕಿನಲ್ಲೇ ನೇರ ಕೆಳಗಿಳಿಯುತ್ತದೆ. ಬಿರುಕು ಮುಚ್ಚುವಷ್ಟು ಹರಗಿ, ನೆಲ ಹಸಿಯಿದ್ದಾಗ ಹೊಡೆಯಿರಿ. ಎರಡು ದಿನದೊಳಗೆ ದೊಡ್ಡ ಮಳೆಯ ಮುನ್ಸೂಚನೆ ಇದ್ದರೆ ತಡೆಯಿರಿ. ಆದರೆ ಗೋವಿನಜೋಳ ಮತ್ತು ಕಳೆ ಮೊಳೆಯುವ ಮುಂಚೆ ಸಿಂಪಡಣೆ ಮುಗಿದಿರಬೇಕು. ಬಾವಿ, ಬೋರ್‌ವೆಲ್ ಹತ್ತಿರ ಪಂಪು ತೊಳೆಯಬೇಡಿ.