ಸಹಾಯ ಬೇಕು: ಶುಗರ್ ಮಾತ್ರೆ ಜೊತೆ ಹಿಪ್ಪುನೇರಳೆ ಸೊಪ್ಪಿನ ಟೀ ಕುಡಿಯಬಹುದಾ?

ಎಲ್ಲರಿಗೂ ನಮಸ್ಕಾರ. ನಾವು ಶಿಡ್ಲಘಟ್ಟದ ಕಡೆಯವರು, ರೇಷ್ಮೆ ಬೆಳೆಯುತ್ತೇವೆ. ಅಮ್ಮನಿಗೆ ಶುಗರ್ ಇದೆ. ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಎರಡೂ ತೆಗೆದುಕೊಳ್ಳುತ್ತಾರೆ. ಈಗ ಯಾರದೋ ಮಾತು ಕೇಳಿ, ತೋಟದ ವಿ-1 ತಳಿಯ ಹಿಪ್ಪುನೇರಳೆ ಸೊಪ್ಪನ್ನು ನೆರಳಲ್ಲಿ ಒಣಗಿಸಿ, ಊಟಕ್ಕೆ ಮುಂಚೆ ಕುದಿಸಿ ಕುಡಿಯುತ್ತಿದ್ದಾರೆ.

ಇದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಈ ಎಲೆಯಲ್ಲಿ ಡಿಎನ್‌ಜೆ ಅನ್ನೋ ಅಂಶ ಇದೆ. ಅನ್ನ, ಮುದ್ದೆಯ ಪಿಷ್ಟವನ್ನು ಸಕ್ಕರೆ ಮಾಡುವ ಕರುಳಿನ ಕಿಣ್ವವನ್ನು ಅದು ತಡೆಯುತ್ತದೆ. ಅಕಾರ್ಬೋಸ್, ವೋಗ್ಲಿಬೋಸ್ ಅನ್ನೋ ಶುಗರ್ ಮಾತ್ರೆಗಳ ಕೆಲಸವೂ ಇದೇ ಅಲ್ವಾ? ಊಟ ಆದ ಮೇಲೆ ಶುಗರ್ ನಿಧಾನವಾಗಿ ಏರುತ್ತದೆ.

ನನ್ನ ಭಯ ಗ್ಲಿಮಿಪಿರೈಡ್ ಬಗ್ಗೆ. ಅದೊಂದೇ ಶುಗರ್ ತೀರಾ ಇಳಿಸಬಲ್ಲದು. ಮೊನ್ನೆ ಊಟಕ್ಕೆ ಮುಂಚೆ ಅಮ್ಮನಿಗೆ ಕೈ ನಡುಗಿ, ಸೀರೆ ಒದ್ದೆಯಾಗುವಷ್ಟು ಬೆವರು ಬಂತು. ಮೀಟರ್‌ನಲ್ಲಿ 64 ಇತ್ತು. ಗ್ಲೂಕೋಸ್ ಪುಡಿ ಕಲಸಿ ಕೊಟ್ಟ ಮೇಲೆ ಸುಧಾರಿಸಿಕೊಂಡರು. ಟೀ ಸದ್ಯಕ್ಕೆ ನಿಲ್ಲಿಸಿದ್ದೇವೆ, ಡಾಕ್ಟರ್ ಹತ್ತಿರ ಹೋಗುವವರಿದ್ದೇವೆ. ಆದರೆ ಅಮ್ಮ ಮಾತ್ರೆ ಬಿಟ್ಟು ಟೀ ಸಾಕು ಅನ್ನುತ್ತಾರೆ. ಅದಕ್ಕೆ ನಾನು ಖಂಡಿತ ಒಪ್ಪುವುದಿಲ್ಲ.

ಗ್ಲಿಮಿಪಿರೈಡ್ ಜೊತೆ ಈ ಟೀ ಕುಡಿದವರು ಇದ್ದೀರಾ? ಡಾಕ್ಟರ್ ಮಾತ್ರೆ ಡೋಸ್ ಬದಲಿಸಿದರಾ? ಹೊಟ್ಟೆ ಉಬ್ಬರ ಆಯಿತಾ? ಇನ್ನೊಂದು, ಥ್ರಿಪ್ಸ್ ಕೀಟಕ್ಕೆ ಔಷಧಿ ಹೊಡೆದ ಸೊಪ್ಪನ್ನು ರೇಷ್ಮೆ ಹುಳುವಿಗೆ ಕೊಡಲು ದಿನ ಲೆಕ್ಕ ಹಾಕಿ ಕಾಯುತ್ತೇವೆ. ಮನುಷ್ಯರು ಕುಡಿಯುವುದಕ್ಕೆ ಅಷ್ಟು ಸಾಕಾ? ರೇಷ್ಮೆ ಇಲಾಖೆಯಲ್ಲಿರುವವರು, ಫಾರ್ಮಸಿಸ್ಟ್‌ಗಳು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.