ಅಂಬಾಸಿಡರ್‌ನಲ್ಲಿ ಎರಡೂ ಮೀಟರ್ ಜಾಸ್ತಿ ತೋರಿಸುತ್ತಿವೆ, ಸೆನ್ಸರ್ ಬದಲಿಸಬೇಕಾ?

ಪ್ರಶ್ನೆ (ಬಟವಾಡಿ, ತುಮಕೂರು): ಅಣ್ಣ, ನಮ್ಮದು ಅಪ್ಪನ ಕಾಲದ ಅಂಬಾಸಿಡರ್, ಪೆಟ್ರೋಲ್ ಗಾಡಿ. ಈಚೆಗೆ ಟಿಂಕರಿಂಗ್, ಪೇಂಟ್ ಎಲ್ಲ ಮಾಡಿಸಿದೆವು. ಆಮೇಲಿಂದ ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಜಾಸ್ತಿ ತೋರಿಸುತ್ತಿವೆ. ದೇವರಾಯನದುರ್ಗ ಹತ್ತುವಾಗ ಟೆಂಪರೇಚರ್ ‘ಎಚ್’ ಮುಟ್ಟಿತು. ನಿಲ್ಲಿಸಿ ನೋಡಿದರೆ ರೇಡಿಯೇಟರ್ ಕುದಿಯುತ್ತಿರಲಿಲ್ಲ. ವಾಪಸ್ ಬರುವಾಗ ಕಾಲು ಟ್ಯಾಂಕ್ ತೋರಿಸುತ್ತಲೇ ಪೆಟ್ರೋಲ್ ಖಾಲಿ! ಪೆಟ್ರೋಲ್ ಮಟ್ಟ ಅಳೆಯುವ ಟ್ಯಾಂಕ್ ಯೂನಿಟ್, ಟೆಂಪರೇಚರ್ ಸೆನ್ಸರ್ ಎರಡೂ ಹೊಸದು ಹಾಕಿಸಿ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಹಾಕಿಸಲಾ? ಮೀಟರ್ ಹಿಂದೆ ಒಂದು ಸಣ್ಣ ತಗಡಿನ ಡಬ್ಬಿ ಇದೆ, ಮೇಲೆ ‘ಬಿ’, ‘ಐ’ ಅಂತ ಗುರುತಿದೆ. ಅದೇನು?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಶಿರಾ ಗೇಟ್): ಸದ್ಯಕ್ಕೆ ಏನೂ ಹಾಕಿಸಬೇಡಿ. ಟ್ಯಾಂಕ್ ಯೂನಿಟ್ ಇರುವುದು ಗಾಡಿಯ ಹಿಂದೆ, ಟೆಂಪರೇಚರ್ ಸೆನ್ಸರ್ ಎಂಜಿನ್ ಮೇಲೆ. ಎರಡೂ ಒಟ್ಟಿಗೆ, ಅದೂ ಒಂದೇ ಥರ ಕೆಡುತ್ತವಾ? ಎರಡಕ್ಕೂ ಸೇರಿದ ಜಾಗ ಯಾವುದು ಅಂತ ಹುಡುಕಬೇಕು. ಅದು ನೀವು ಕೇಳಿದ ಡಬ್ಬಿಯೇ. ವೋಲ್ಟೇಜ್ ಸ್ಟೆಬಿಲೈಸರ್ ಅನ್ನುತ್ತಾರೆ.

ಈ ಮೀಟರ್‌ಗಳ ಒಳಗೆ ಒಂದು ಲೋಹದ ಪಟ್ಟಿ, ಅದಕ್ಕೆ ಸುತ್ತಿದ ಸಣ್ಣ ತಂತಿ ಇರುತ್ತದೆ. ಕರೆಂಟ್ ಹರಿದರೆ ತಂತಿ ಬಿಸಿಯಾಗುತ್ತದೆ, ಪಟ್ಟಿ ಬಾಗುತ್ತದೆ, ಮುಳ್ಳು ಏಳುತ್ತದೆ. ಕೀ ಹಾಕಿದ ಮೇಲೆ ಮುಳ್ಳು ನಿಧಾನಕ್ಕೆ ಏಳುವುದು ಅದಕ್ಕೇ. ಇವು 10 ವೋಲ್ಟ್ ಲೆಕ್ಕದಲ್ಲಿ ಮಾಡಿದವು. ಆದರೆ ಎಂಜಿನ್ ಓಡುವಾಗ ಗಾಡಿಯಲ್ಲಿ 14ರ ಹತ್ತಿರ ಇರುತ್ತದೆ. ಸ್ಟೆಬಿಲೈಸರ್ ಒಳಗೂ ಅಂಥದ್ದೇ ಪಟ್ಟಿ. ಬಿಸಿಯಾದರೆ ಕಾಂಟ್ಯಾಕ್ಟ್ ಬಿಡುತ್ತದೆ, ಆರಿದರೆ ಕೂಡುತ್ತದೆ. ಹೀಗೆ ಬಿಟ್ಟು ಬಿಟ್ಟು ಕೊಟ್ಟು ಸರಾಸರಿ 10 ವೋಲ್ಟ್ ಮಾಡುತ್ತದೆ.

ಆ ಪಟ್ಟಿ ಬಿಸಿಯಾಗಲು ಡಬ್ಬಿಗೆ ಅರ್ತ್ ಬೇಕು, ಅಂದರೆ ಗಾಡಿಯ ಬಾಡಿ ಮೂಲಕ ಕರೆಂಟ್ ವಾಪಸ್ ಹೋಗುವ ದಾರಿ. ಅರ್ತ್ ಸಿಗುವುದು ಡಬ್ಬಿಯ ಮೈಯಿಂದ, ಸ್ಕ್ರೂ ಮೂಲಕ. ನಿಮ್ಮ ಪೇಂಟರ್ ಡ್ಯಾಶ್ ಹಿಂದೆಯೂ ಧಾರಾಳವಾಗಿ ಹೊಡೆದಿರಬೇಕು! ಪೇಂಟ್ ಮೇಲೆ ಡಬ್ಬಿ ಕೂತರೆ ಅರ್ತ್ ಇಲ್ಲ. ಕಾಂಟ್ಯಾಕ್ಟ್ ಬಿಡುವುದೇ ಇಲ್ಲ, 14 ವೋಲ್ಟ್ ನೇರವಾಗಿ ಮೀಟರ್‌ಗೆ. 10ರ ಬದಲು 14 ಹೋದರೆ ತಂತಿಯ ಬಿಸಿ ಹೆಚ್ಚುಕಮ್ಮಿ ಎರಡರಷ್ಟು.

ಬ್ಯಾಟರಿ ವೈರ್ ತೆಗೆದು ಶುರು ಮಾಡಿ. ಡಬ್ಬಿ ಬಿಚ್ಚಿ, ಅದು ಕೂರುವ ಜಾಗ, ಸ್ಕ್ರೂ ತೂತು ಎರಡನ್ನೂ ಎಮರಿ ಪೇಪರ್‌ನಲ್ಲಿ ಉಜ್ಜಿ. ನಾನಾದರೆ ಸ್ಕ್ರೂನಿಂದ ಒಂದು ಕಪ್ಪು ವೈರ್ ಬೇರೆ ಎಳೆದು ಗಾಡಿಯ ಬಾಡಿಗೆ ಸೇರಿಸುತ್ತೇನೆ. ಆಮೇಲೆ ಬ್ಯಾಟರಿ ಸೇರಿಸಿ, ಮೀಟರ್ ಕಡೆಗೆ ಕರೆಂಟ್ ಹೋಗುವ ‘ಐ’ಗೆ ಟೆಸ್ಟ್ ಲ್ಯಾಂಪ್ ಹಿಡಿದು ಕೀ ಆನ್ ಮಾಡಿ. ಸ್ವಲ್ಪ ಹೊತ್ತಿಗೆ ಲ್ಯಾಂಪ್ ಮಿಣುಕಬೇಕು. ಒಂದೇ ಸಮ ಉರಿಯುತ್ತಿದ್ದರೆ ಡಬ್ಬಿಯೇ ಹೋಗಿದೆ. ಇಲ್ಲಿ ಡಿಜಿಟಲ್ ಮಲ್ಟಿಮೀಟರ್ ಬೇಡ. ಅಂಕಿ ಕುಣಿಯುತ್ತಲೇ ಇರುತ್ತದೆ, ಸುಮ್ನೆ ತಲೆ ಕೆಡುತ್ತದೆ.

ಅಲ್ಲಿವರೆಗೆ ‘ಮೀಟರ್ ಸುಳ್ಳು ಹೇಳುತ್ತೆ’ ಅಂತ ಬೆಟ್ಟ ಹತ್ತಿಸಬೇಡಿ. ನಿಜವಾಗಿ ಬಿಸಿಯಾದರೂ ಗೊತ್ತಾಗುವುದಿಲ್ಲ ಅಲ್ವಾ?

ಪ್ರಶ್ನೆ (ಚಿಂತಾಮಣಿ): ಸರ್, ನಮ್ಮ ಅಂಬಾಸಿಡರ್‌ನಲ್ಲಿ ಪೆಟ್ರೋಲ್ ಮುಳ್ಳು ಏಳುವುದೇ ಇಲ್ಲ. ಟೆಂಪರೇಚರ್ ಸರಿಯಾಗಿದೆ.

ಉತ್ತರ: ಹಾಗಾದರೆ ಸ್ಟೆಬಿಲೈಸರ್ ಮುಟ್ಟಬೇಡಿ. ಕೀ ಆಫ್ ಇರುವಾಗ ಟ್ಯಾಂಕ್ ಯೂನಿಟ್‌ನ ವೈರ್ ಬಿಚ್ಚಿ ಬಾಡಿಗೆ ಗಟ್ಟಿಯಾಗಿ ಕಟ್ಟಿ. ಆಮೇಲಷ್ಟೇ ಕೀ ಆನ್. ಟ್ಯಾಂಕ್ ಪಕ್ಕದಲ್ಲಿ ಕಿಡಿ ಹಾರಬಾರದು, ಅದಕ್ಕೇ ಈ ಕ್ರಮ. ಮುಳ್ಳು ‘ಎಫ್’ ಕಡೆ ಏಳುತ್ತಿದ್ದಂತೆ ಕೀ ಆಫ್ ಮಾಡಿ, ಹಾಗೇ ಬಿಟ್ಟರೆ ಮೀಟರ್ ಸುಡುತ್ತದೆ. ಎದ್ದರೆ ಮೀಟರ್, ವೈರ್ ಎರಡೂ ಸರಿ. ತಪ್ಪು ಯೂನಿಟ್‌ನಲ್ಲಿ, ಇಲ್ಲವೇ ಟ್ಯಾಂಕ್‌ನ ಅರ್ತ್‌ನಲ್ಲಿ. ಏಳದಿದ್ದರೆ ವೈರ್ ಜಾಡು ಹಿಡಿದು ಮೀಟರ್ ಕಡೆಗೆ ನೋಡುತ್ತಾ ಬನ್ನಿ.

ಪ್ರಶ್ನೆ (ಬಟವಾಡಿ): ಅಣ್ಣ, ಉಜ್ಜಿ ಅರ್ತ್ ಕೊಟ್ಟೆ. ಲ್ಯಾಂಪ್ ಮಿಣುಕುತ್ತಿಲ್ಲ, ಒಂದೇ ಸಮ ಉರಿಯುತ್ತಿದೆ. ಈಗ?

ಉತ್ತರ: ಡಬ್ಬಿ ಬದಲಿಸಿ. ಹಳೆಯದು ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 7810 ಅನ್ನುವ ರೆಗ್ಯುಲೇಟರ್ ಸಿಗುತ್ತದೆ, ಸ್ಥಿರವಾಗಿ 10 ವೋಲ್ಟ್ ಕೊಡುತ್ತದೆ. ಅದರ ಲೋಹದ ಬೆನ್ನೇ ಅರ್ತ್, ಬಾಡಿಗೆ ಬೋಲ್ಟ್ ಹಾಕಿ. ನಿಮ್ಮ ಬ್ಯಾಟರಿಯ ಮೈನಸ್ ಬಾಡಿಗೆ ಬಂದಿದೆಯಾ ನೋಡಿಕೊಂಡೇ ತನ್ನಿ. ಪ್ಲಸ್ ಅನ್ನು ಬಾಡಿಗೆ ಸೇರಿಸಿದ ಹಳೇ ಗಾಡಿಗೆ ಇದು ಆಗುವುದಿಲ್ಲ.