ಮಳೆಗಾಲದಲ್ಲಿ ಆಟದ ಹಿಟ್ಟು ನೀರು ಬಿಡ್ತಿದೆ, ಕಾಗದದ ಬಟ್ಟಲಿಗೆ ಬೂಷ್ಟು: ಏನು ಮಾಡೋದು?

ಪ್ರಶ್ನೆ: ಗಾಳಿಬೀಡು ಅಮ್ಮ

ಮಕ್ಕಳಿಗೆ ಎರಡೂವರೆ ಮತ್ತು ಐದು ವರ್ಷ. ಮಳೆ ರಜೆ ಕೊಟ್ಟರೆ ಇಡೀ ದಿನ ಮನೆಯೊಳಗೇ. ಮೈದಾ 2 ಕಪ್, ಪುಡಿ ಉಪ್ಪು 1 ಕಪ್, ತಣ್ಣೀರು ಹಾಕಿ ಕಲಸಿದ ಆಟದ ಹಿಟ್ಟು ಮೊದಲ ದಿನ ಚೆನ್ನಾಗಿರುತ್ತೆ. ಮಾರನೇ ದಿನ ಡಬ್ಬಿ ತೆಗೆದರೆ ಮೇಲೆಲ್ಲ ಬೆವರಿದ ಹಾಗೆ ನೀರು, ಕೈಗೆ ಗೋಂದಿನ ಥರ ಅಂಟುತ್ತೆ. ಮತ್ತೆ ಮೈದಾ ಸೇರಿಸಿದರೆ ಒಂದು ಗಂಟೆ ಸರಿ, ಆಮೇಲೆ ಮತ್ತದೇ. ಹಳೇ ಪೇಪರ್ ನೆನೆಸಿ ಅರೆದು ಮಾಡಿದ ಬಟ್ಟಲು ಐದು ದಿನವಾದರೂ ಒಣಗಿಲ್ಲ, ಒಳಗಡೆ ಕಪ್ಪು ಬೂಷ್ಟು ಬಂದಿದೆ. ಒರೆಸಿ ಬಿಸಿಲು ಬಂದಾಗ ಇಟ್ಟರೆ ಸಾಕಾ?

ಇನ್ನೊಂದು. ಕರೆಂಟ್ ಹೋದರೆ ದಿನಗಟ್ಟಲೆ ಬರಲ್ಲ, ಮಿಕ್ಸಿ ನಂಬಿಕೊಳ್ಳೋ ಹಾಗಿಲ್ಲ. ಮಕ್ಕಳ ಕೈಯಲ್ಲೇ ಮಾಡಿಸಿ ಅದನ್ನೇ ಊಟಕ್ಕೂ ಬಡಿಸೋ ಅಂಥದ್ದು ಏನಾದರೂ ಇದ್ದರೆ ಅಳತೆ ಸಮೇತ ಹೇಳಿ. ಚಿಕ್ಕವಳು ಸಿಕ್ಕಿದ್ದೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾಳೆ, ಅದನ್ನೂ ಗಮನದಲ್ಲಿಟ್ಟು ತಿಳಿಸಿ.

ಉತ್ತರ 1: ಸೋಮವಾರಪೇಟೆ

ಅಕ್ಕ, ನೀವು ಕಲಸೋದರಲ್ಲಿ ತಪ್ಪಿಲ್ಲ, ಇದು ಉಪ್ಪಿನ ಗುಣ. ಗಾಳಿಯ ತೇವಾಂಶ ಶೇ 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಳ್ಳೋಕೆ ಶುರು ಮಾಡುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕೊಡಗಿನ ಕಡೆ ಗಾಳಿ ಅದಕ್ಕಿಂತ ಕೆಳಗೆ ಇಳಿಯೋ ದಿನಗಳೇ ಅಪರೂಪ. ಅಡುಗೆಮನೆಯ ಉಪ್ಪಿನ ಡಬ್ಬಿ ಒದ್ದೆಯಾಗೋದೂ ಇದರಿಂದಲೇ. ಅದಕ್ಕೇ ಎಷ್ಟು ಮೈದಾ ಸೇರಿಸಿದರೂ ಪ್ರಯೋಜನವಿಲ್ಲ, ಉಪ್ಪು ಒಳಗೆ ಇದ್ದೇ ಇರುತ್ತೆ, ಮತ್ತೆ ನೀರು ಎಳೆಯುತ್ತೆ. ಹಾಗಂತ ಉಪ್ಪು ಪೂರ್ತಿ ಬಿಟ್ಟರೆ ಹಿಟ್ಟು ಎರಡನೇ ದಿನಕ್ಕೇ ಹುಳಿ ವಾಸನೆ ಬರುತ್ತೆ.

ಬೇಯಿಸಿದ ಹಿಟ್ಟು ಮಾಡಿ. ಮೈದಾ 1 ಕಪ್, ಪುಡಿ ಉಪ್ಪು ಕಪ್ಪಿನ ಮೂರನೇ ಒಂದು ಭಾಗ, ನೀರು ಮುಕ್ಕಾಲು ಕಪ್, ನಿಂಬೆರಸ 2 ದೊಡ್ಡ ಚಮಚ, ಅಡುಗೆ ಎಣ್ಣೆ 1 ದೊಡ್ಡ ಚಮಚ. ಎಲ್ಲವನ್ನೂ ತಣ್ಣಗಿರುವಾಗಲೇ ದಪ್ಪ ತಳದ ಬಾಣಲೆಯಲ್ಲಿ ಗಂಟಿಲ್ಲದೆ ಕದಡಿಕೊಂಡು, ಆಮೇಲೆ ಸಣ್ಣ ಉರಿ ಹಚ್ಚಿ. ಮೊದಲ ಎರಡು ನಿಮಿಷ ದೋಸೆ ಹಿಟ್ಟಿನ ಥರ ಇರುತ್ತೆ, ಆಮೇಲೆ ಒಮ್ಮೆಲೇ ಗಟ್ಟಿಯಾಗುತ್ತೆ. ಬಾಣಲೆಯ ತಳ ಬಿಟ್ಟು ಒಂದೇ ಮುದ್ದೆಯಾಗಿ ಸೌಟಿನ ಜೊತೆ ಸುತ್ತೋಕೆ ಬಂದ ಕೂಡಲೇ ಇಳಿಸಿ. ಒಟ್ಟು ನಾಲ್ಕೈದು ನಿಮಿಷದ ಕೆಲಸ. ಬೇಗ ಇಳಿಸಿದರೆ ಅಂಟುತ್ತೆ, ಜಾಸ್ತಿ ಬಿಟ್ಟರೆ ರಬ್ಬರಿನ ಹಾಗೆ ಎಳೆದರೆ ಹರಿಯುತ್ತೆ. ಕೈ ತಾಳುವಷ್ಟು ಬಿಸಿ ಇರುವಾಗ ಚಪಾತಿ ಹಿಟ್ಟಿನ ಥರ ಐದು ನಿಮಿಷ ನಾದಿ.

ಬೇಯಿಸಿದಾಗ ಮೈದಾದ ಪಿಷ್ಟ ಉಬ್ಬಿ ನೀರನ್ನು ಒಳಗೇ ಹಿಡಿದುಕೊಳ್ಳುತ್ತೆ, ಅದಕ್ಕೇ ಹಸಿ ಹಿಟ್ಟಿನಷ್ಟು ಬೇಗ ಬೆವರಲ್ಲ. ಪೂರ್ತಿ ಆರುವ ಮೊದಲು ಡಬ್ಬಿಗೆ ಹಾಕಬೇಡಿ, ಆ ಹಬೆಯೇ ಮುಚ್ಚಳದಲ್ಲಿ ನೀರಾಗಿ ಕೆಳಗೆ ತೊಟ್ಟಿಕ್ಕುತ್ತೆ. ಆರಿದ ಮೇಲೆ ಎರಡು ಭಾಗ ಮಾಡಿ, ಒಂದನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಎತ್ತಿಟ್ಟು, ಇನ್ನೊಂದನ್ನು ಮಾತ್ರ ಆಟಕ್ಕೆ ಕೊಡಿ. ಫ್ರಿಜ್ ನಡೀತಿದ್ದರೆ ಒಂದು ವಾರ ಬರುತ್ತೆ. ಕರೆಂಟ್ ಇಲ್ಲದಿದ್ದರೆ ಮೂರು ದಿನ ಅಂದುಕೊಳ್ಳಿ.

ಚಿಕ್ಕವಳಿಗೆ ಇದನ್ನು ಕೊಡಲೇಬೇಡಿ. ಸಣ್ಣ ನಿಂಬೆಹಣ್ಣಿನಷ್ಟು ಉಂಡೆಯಲ್ಲಿ ಸುಮಾರು ಒಂದು ಟೀ ಚಮಚ ಉಪ್ಪು ಇರುತ್ತೆ. ಎರಡೂವರೆ ವರ್ಷದ ಮಗು ಅಷ್ಟು ನುಂಗಿದರೆ ವಾಂತಿ, ವಿಪರೀತ ದಾಹ ಆಗಬಹುದು, ಇನ್ನೂ ಹೆಚ್ಚು ನುಂಗಿದರೆ ಅಪಾಯ. ಅವಳಿಗೆ ಅಕ್ಕಿ ಹಿಟ್ಟು ಉಕ್ಕರಿಸಿ ಕೊಡಿ: 1 ಕಪ್ ನೀರಿಗೆ 1 ಟೀ ಚಮಚ ಎಣ್ಣೆ ಹಾಕಿ ಮರಳಿಸಿ, 1 ಕಪ್ ಅಕ್ಕಿ ಹಿಟ್ಟು ಸುರಿದು ಉರಿ ಆರಿಸಿ ಮುಚ್ಚಿಡಿ, ಹತ್ತು ನಿಮಿಷ ಬಿಟ್ಟು ನಾದಿ. ಅವತ್ತಿನದು ಅವತ್ತಿಗೇ. ಬಿರುಕು ಬಿಡೋಕೆ ಶುರುವಾದರೆ ಕೈ ಒದ್ದೆ ಮಾಡಿಕೊಂಡು ಮತ್ತೆ ನಾದಿದರೆ ಸಾಕು.

ಉತ್ತರ 2: ಅಡಿಕೆ ಹಾಳೆ

ಬೂಷ್ಟು ಬಂದ ಬಟ್ಟಲನ್ನು ಒರೆಸಿ ಇಟ್ಟುಕೊಳ್ಳಬೇಡಿ, ಬಿಸಾಕಿ. ಕಣ್ಣಿಗೆ ಕಾಣೋದು ಮೇಲಿನ ಕಪ್ಪು ಮಾತ್ರ, ಬೇರು ತಿರುಳಿನ ಒಳಗೆ ಇಳಿದಿರುತ್ತೆ. ಒಣಗಿದಾಗ ಆ ಪುಡಿ ಹಾರಿ ಮಕ್ಕಳ ಮೂಗಿಗೆ ಹೋಗುತ್ತೆ. ಉಬ್ಬಸ ಇರೋ ಮಗುವಿದ್ದರಂತೂ ಒಂದು ದಿನವೂ ಮನೆಯಲ್ಲಿ ಬೇಡ.

ಕಾಗದದ ತಿರುಳಿನ ಕೆಲಸ ಜನವರಿಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಮಾಡಲೇಬೇಕಿದ್ದರೆ ತಿರುಳಿನ ಬದಲು ಪಟ್ಟಿ ಅಂಟಿಸಿ. ಸ್ಟೀಲ್ ಬಟ್ಟಲನ್ನು ಮಗುಚಿ, ಹೊರಗೆ ಎಣ್ಣೆ ಸವರಿ, ಎರಡು ಬೆರಳು ಅಗಲದ ಪೇಪರ್ ಪಟ್ಟಿಗಳನ್ನು ಒಂದೇ ಒಂದು ಪದರ ಅಂಟಿಸಿ. ಅದು ಗರಿಗರಿ ಒಣಗಿದ ಮೇಲೆಯೇ ಎರಡನೇ ಪದರ. ನಾಲ್ಕು ಪದರಕ್ಕೆ ನಾಲ್ಕು ದಿನ. ಬಚ್ಚಲ ಒಲೆ ಇರೋ ಮನೆಯಾದರೆ ಒಲೆಯ ಹಿಂದಿನ ಬೆಚ್ಚಗಿನ ಗೋಡೆಯಿಂದ ಒಂದು ಮೊಳ ದೂರದಲ್ಲಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಿ, ರಾತ್ರಿಯೊಳಗೆ ಒಂದು ಪದರ ಒಣಗುತ್ತೆ. ಕಿಟಕಿ ಪಕ್ಕ ಇಟ್ಟರೆ ಒಣಗಲ್ಲ, ಹೊರಗಿನ ಥಂಡಿ ಗಾಳಿ ಇನ್ನೂ ಒದ್ದೆ ಮಾಡುತ್ತೆ.

ಅಂಟಿಗೆ ಮೈದಾ 2 ದೊಡ್ಡ ಚಮಚ, ನೀರು ಮುಕ್ಕಾಲು ಕಪ್, ಗಂಜಿ ಹದಕ್ಕೆ ಕುದಿಸಿದರೆ ಸಾಕು. ಇಲ್ಲೊಂದು ಮಾತು ಎಲ್ಲರೂ ಗಮನಿಸಿ. ಅಂಟಿಗೆ ಹುಳ, ಬೂಷ್ಟು ಬರಬಾರದು ಅಂತ ಹಿಂದೆ ಮೈಲುತುತ್ತ ಬೆರೆಸೋ ಪದ್ಧತಿ ಇತ್ತು. ಕಾಳುಮೆಣಸಿಗೆ, ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆಯೋ ಮನೆಗಳಲ್ಲಿ ಅದು ಈಗಲೂ ಕೈಗೆ ಸಿಗೋ ಹಾಗೆ ಇರುತ್ತೆ. ಮಕ್ಕಳು ಮುಟ್ಟೋ ಅಂಟಿಗೆ ಚಿಟಿಕೆಯೂ ಬೇಡ, ಅದು ವಿಷ. ಆ ನೀಲಿ ಹರಳು ಮಕ್ಕಳ ಕಣ್ಣಿಗೆ ಕಲ್ಲುಸಕ್ಕರೆ ಥರ ಕಾಣುತ್ತೆ. ಮೊದಲು ಅದನ್ನು ಬೀಗ ಹಾಕೋ ಕಡೆಗೆ ಸಾಗಿಸಿ. ಅಂಟು ಸ್ವಲ್ಪವೇ ಮಾಡಿ ಅವತ್ತೇ ಮುಗಿಸಿಬಿಡಿ.

ನಿಜ ಹೇಳಬೇಕೆಂದರೆ ಈ ಹವೆಗೆ ಅಡಿಕೆ ಹಾಳೆಯಷ್ಟು ಒಳ್ಳೇ ಸಾಮಾನು ಇನ್ನೊಂದಿಲ್ಲ. ಒಣ ಹಾಳೆಯನ್ನು ಇಪ್ಪತ್ತು ನಿಮಿಷ ನೀರಲ್ಲಿ ನೆನೆಸಿದರೆ ಬಗ್ಗುತ್ತೆ. ಎರಡೂ ತುದಿ ಮಡಚಿ ತೆಂಗಿನ ಗರಿಯ ಕಡ್ಡಿ ಚುಚ್ಚಿದರೆ ದೋಣಿ, ಬಾಲ್ಡಿಯಲ್ಲಿ ದಿನವಿಡೀ ತೇಲುತ್ತೆ. ಕತ್ತರಿ ಕೆಲಸ ದೊಡ್ಡವರದ್ದು, ಹಾಳೆಯ ಅಂಚು ಬೆರಳು ಸೀಳುತ್ತೆ. ಪೇಪರ್ ದೋಣಿಯೇ ಬೇಕೆಂದರೆ ಮಡಚುವ ಮೊದಲು ಕಾಗದದ ಎರಡೂ ಬದಿಗೆ ಮೇಣದಬತ್ತಿಯನ್ನು ಒತ್ತಿ ಉಜ್ಜಿ, ಬೇಗ ನೆನೆಯಲ್ಲ. ಮೇಣ ಕರಗಿಸೋ ಗೋಜು ಬೇಡ. ದೋಣಿ ಬಿಡೋದು ಬಾಲ್ಡಿಯಲ್ಲಿ ಮಾತ್ರ, ಅಂಗಳದ ತೋಡಿನಲ್ಲಿ ಬೇಡ. ದೋಣಿ ಹಿಂದೆ ಮಗು ಓಡುತ್ತೆ.

ಉತ್ತರ 3: ವಿರಾಜಪೇಟೆ ಅಡುಗೆ

ಮಾಡಿಸಿ ತಿನ್ನಿಸೋಕೆ ನಮ್ಮ ಕಡಂಬುಟ್ಟು, ಅಂದರೆ ಹಬೆಯಲ್ಲಿ ಬೇಯಿಸೋ ಅಕ್ಕಿ ತರಿಯ ಉಂಡೆ, ಇರುವಾಗ ಬೇರೆ ಯಾಕೆ ಹುಡುಕಬೇಕು? ಉಂಡೆ ಕಟ್ಟೋದು ಎರಡೂವರೆ ವರ್ಷದ ಕೈಗೂ ಬರುತ್ತೆ.

ಅಕ್ಕಿ ತರಿ 1 ಕಪ್, ನೀರು 2 ಕಪ್, ತುಪ್ಪ 1 ಟೀ ಚಮಚ, ಉಪ್ಪು ಅರ್ಧ ಟೀ ಚಮಚಕ್ಕಿಂತ ಕಡಿಮೆ. ನೀರು ಮರಳುವಾಗ ಉಪ್ಪು, ತುಪ್ಪ ಹಾಕಿ, ಒಂದು ಕೈಯಲ್ಲಿ ತರಿ ಸುರಿಯುತ್ತಾ ಇನ್ನೊಂದು ಕೈಯಲ್ಲಿ ತಿರುವಿ. ನೀರು ಇಂಗಿದ ಮೇಲೆ ಮುಚ್ಚಳ ಹಾಕಿ ತೀರಾ ಸಣ್ಣ ಉರಿಯಲ್ಲಿ ಐದು ನಿಮಿಷ, ಉರಿ ಆರಿಸಿ ಹತ್ತು ನಿಮಿಷ ಹಾಗೇ ಬಿಡಿ. ಈ ಹತ್ತು ನಿಮಿಷ ತಪ್ಪಿಸಬೇಡಿ, ತರಿಯ ಒಳಗಿನ ಬಿಳಿ ಚುಕ್ಕಿ ಮೆತ್ತಗಾಗೋದು ಆಗಲೇ. ಆಮೇಲೆ ಅಗಲ ತಟ್ಟೆಗೆ ಹಾಕಿ ಒದ್ದೆ ಕೈಯಲ್ಲಿ ಮಿದ್ದು, ಮಗುವಿನ ಕೈಗೆ ಬಿಸಿ ತಾಗದಷ್ಟಾದಾಗ ಒಂದೊಂದೇ ತುತ್ತು ಕೊಡಿ. ಉಳಿದದ್ದು ಒದ್ದೆ ಬಟ್ಟೆಯ ಕೆಳಗೇ ಇರಲಿ. ಪಕ್ಕದಲ್ಲಿ ಒಂದು ಬಟ್ಟಲು ನೀರು. ಪ್ರತಿ ಉಂಡೆಗೂ ಅಂಗೈ ಅದ್ದಬೇಕು ಅನ್ನೋದನ್ನು ಮಕ್ಕಳು ಒಂದೇ ಸಲಕ್ಕೆ ಕಲಿಯುತ್ತಾರೆ. ಇಡ್ಲಿ ಪಾತ್ರೆಯಲ್ಲಿ ಬಟ್ಟೆ ಹಾಸಿ 15 ರಿಂದ 20 ನಿಮಿಷ ಹಬೆ. ಬೆಂದದ್ದು ಹೊಳೆಯುತ್ತೆ, ಒದ್ದೆ ಬೆರಳಿಗೆ ಅಂಟಲ್ಲ.

ತರಿ ಕರೆಂಟ್ ಇರುವಾಗಲೇ ಮಾಡಿ ಇಟ್ಟುಕೊಳ್ಳಿ. ಅಕ್ಕಿ ತೊಳೆದು ಬಸಿದು ಬಟ್ಟೆಯ ಮೇಲೆ ಹರಡಿದರೆ ಈ ಹವೆಗೆ ಒಣಗಲ್ಲ, ಬಾಣಲೆಯಲ್ಲಿ ಸಣ್ಣ ಉರಿಗೆ ಬಣ್ಣ ತಿರುಗದ ಹಾಗೆ ಬೆಚ್ಚಗೆ ಮಾಡಿ, ಆರಿಸಿ, ಮಿಕ್ಸಿಯನ್ನು ತಡೆತಡೆದು ಓಡಿಸಿ. ರವೆಯಷ್ಟು ದಪ್ಪ ಇರಬೇಕು. ಜರಡಿ ಹಿಡಿದು ನುಣ್ಣನೆಯ ಹಿಟ್ಟು ಬೇರೆ ತೆಗೆಯಲೇಬೇಕು, ಅದು ಉಳಿದರೆ ಉಂಡೆ ಒಳಗೆ ಗೋಂದಾಗುತ್ತೆ. ತೆಗೆದ ಹಿಟ್ಟು ಅಕ್ಕಿ ರೊಟ್ಟಿಗೆ ಆಗುತ್ತೆ. ಬೀಸುವ ಕಲ್ಲು ಇದ್ದರಂತೂ ಕರೆಂಟಿನ ಹಂಗೇ ಇಲ್ಲ.

ಚಿಕ್ಕವಳಿಗೆ ಇಡೀ ಉಂಡೆ ಕೊಡಬೇಡಿ. ಗುಂಡಗೆ ನಯವಾಗಿರೋದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಒತ್ತಿ ಚಪ್ಪಟೆ ಮಾಡಿ ಮುರಿದು, ಕುಂಬಳಕಾಯಿ ಸಾರೋ ಕೋಳಿ ಸಾರೋ ಹಾಕಿ ನೆನೆಸಿ ಕೊಡಿ. ತುಪ್ಪ, ಜೇನೂ ಆಗುತ್ತೆ. ಆದರೆ ಓದುವ ಬೇರೆ ಅಮ್ಮಂದಿರಿಗೆ ಹೇಳೋದು, ಒಂದು ವರ್ಷ ತುಂಬದ ಕೂಸಿಗೆ ಎಷ್ಟೇ ಒಳ್ಳೇ ಕೊಡಗಿನ ಜೇನಾದರೂ ನೆಕ್ಕಿಸಬಾರದು.

ಉಂಡೆ ಬೇಜಾರಾದ ದಿನ ಪಾಪುಟ್ಟು. ತರಿ 1 ಕಪ್, ಹಾಲು 1 ಕಪ್, ನೀರು 1 ಕಪ್, ತೆಂಗಿನ ತುರಿ ಅರ್ಧ ಕಪ್, ಸಕ್ಕರೆ 2 ದೊಡ್ಡ ಚಮಚ, ಚಿಟಿಕೆ ಉಪ್ಪು, ಅರ್ಧ ಗಂಟೆ ನೆನೆಸಿ ಅಂಚಿರೋ ತಟ್ಟೆಯಲ್ಲಿ 25 ನಿಮಿಷ ಹಬೆ. ತುರಿ ಉದುರಿಸೋದು ಮಕ್ಕಳ ಪಾಲು.

ಉತ್ತರ 4: ಎಲೆ ಬಣ್ಣ

ಬಣ್ಣದ ವಿಷಯ ಯಾರೂ ಹೇಳಿಲ್ಲ. ಅರಿಶಿನ ಅರ್ಧ ಟೀ ಚಮಚವನ್ನು ಆಟದ ಹಿಟ್ಟು ಕದಡುವಾಗಲೇ ಹಾಕಿ. ಬೀಟ್ರೂಟ್ ರಸವನ್ನು ಮಾತ್ರ ಇಳಿಸಿದ ಮೇಲೆ ನಾದುವಾಗ ಸೇರಿಸಬೇಕು, ಬೇಯಿಸಿದರೆ ಕಂದು ತಿರುಗುತ್ತೆ. ರಸ ಹಾಕುವಷ್ಟು ನೀರನ್ನು ಮೊದಲೇ ಕಡಿಮೆ ಮಾಡಿಕೊಳ್ಳಿ. ಅರಿಶಿನದ ನೀರಿನಲ್ಲಿ ಬರೆದ ಚಿತ್ರದ ಮೇಲೆ ಅಡುಗೆ ಸೋಡಾ ಕದಡಿದ ನೀರನ್ನು ಹತ್ತಿಯಲ್ಲಿ ಒತ್ತಿದರೆ ಹಳದಿ ಕೆಂಪಾಗುತ್ತೆ, ನಿಂಬೆರಸ ತಾಗಿಸಿದರೆ ಮತ್ತೆ ಹಳದಿ. ಐದು ವರ್ಷದ ಮಗುವಿಗೆ ಇದೊಂದೇ ಅರ್ಧ ದಿನದ ಆಟ. ಸುಣ್ಣದಲ್ಲೂ ಕೆಂಪಾಗುತ್ತೆ, ಆದರೆ ಕಣ್ಣಿಗೆ ತಾಗಿದರೆ ಸುಡುತ್ತೆ, ಅದು ಬೇಡ.

ಕೊಡವರ ಕಕ್ಕಡ ತಿಂಗಳ ಹದಿನೆಂಟು, ಅಂದರೆ ಆಗಸ್ಟ್ 3ಕ್ಕೆ, ಅವತ್ತಿನ ಅಡುಗೆಗೆ ಹಾಕೋ ಔಷಧಿ ಗಿಡ ಮದ್ದು ಸೊಪ್ಪು ಹೇಗೂ ಮನೆಗೆ ಬರುತ್ತೆ. ಎರಡು ದೊಡ್ಡ ಹಿಡಿ ಸೊಪ್ಪನ್ನು ಎಳೆ ಕಾಂಡ ಸಮೇತ 6 ಕಪ್ ನೀರಲ್ಲಿ ಅರ್ಧ ಗಂಟೆಗೂ ಹೆಚ್ಚು ಕುದಿಸಿ ಸೋಸಿದರೆ ಕಡು ನೇರಳೆ ರಸ. ಪಾಪುಟ್ಟಿಗೆ ನೀರಿನ ಬದಲು ಇದನ್ನೇ ಹಾಕಿದರೆ ಆಯಿತು. ಮಿಕ್ಕ ಒಂದು ಬಟ್ಟಲು ರಸ ಮಕ್ಕಳ ಕುಂಚಕ್ಕೆ. ಬಟ್ಟೆಗೆ ತಾಗಿದರೆ ಕಲೆ ಉಳಿಯುತ್ತೆ, ಹಳೇ ಅಂಗಿ ಹಾಕಿಸಿ. ತಿಂದ ಮೇಲೆ ಮೂತ್ರ ಕೆಂಪಗೆ ಬರೋದು ಸಹಜ, ಡಯಾಪರ್ ನೋಡಿ ಗಾಬರಿ ಆಗಬೇಡಿ. ಚಿಕ್ಕವರಿಗೆ ಒಂದು ತುಂಡು ಸಾಕು. ಗಿಡ ಗೊತ್ತಿರುವವರು ಕಿತ್ತ ಸೊಪ್ಪು ಮಾತ್ರ ಬಳಸಿ, ಎಲೆ ನೋಡಿ ಅಂದಾಜಿನ ಮೇಲೆ ಕೀಳಬೇಡಿ.

ಎಲೆಯ ಅಚ್ಚಿಗೆ ಸಿಲ್ವರ್ ಓಕ್, ಹಲಸು ಚೆನ್ನ. ತಂದ ಎಲೆಗಳನ್ನು ಉಪ್ಪು ನೀರಲ್ಲಿ ಅದ್ದಿ ಒರೆಸಿ, ಜಿಗಣೆ ಎಲೆಯ ಕೆಳಗೆ ಅಂಟಿಕೊಂಡೇ ಒಳಗೆ ಬರುತ್ತೆ. ಕೆಳಬದಿಗೆ ಬಿಳಿ ಪುಡಿ ಇರೋ ಜರಿಗಿಡ ದರೆಯ ಮೇಲೆ ಸಿಕ್ಕಿದರೆ, ನೀರು ಕೊಡವಿ ಒಣ ಮೊಣಕೈ ಮೇಲೆ ಇಟ್ಟು ಒಮ್ಮೆ ತಟ್ಟಿ ಎತ್ತಿ. ಎಲೆಯ ಒಂದೊಂದು ಹಲ್ಲೂ ಬೆಳ್ಳಗೆ ಚರ್ಮದ ಮೇಲೆ ಮೂಡುತ್ತೆ. ಕೈ ಒದ್ದೆ ಇದ್ದರೆ ಮೂಡಲ್ಲ.

ಬೀಜ ಅಂಟಿಸೋ ಕೆಲಸಕ್ಕೆ ಕಾಫಿ ಬೀಜ, ಕಾಳುಮೆಣಸು ದೊಡ್ಡವನಿಗೆ ಮಾತ್ರ, ಅದೂ ಚಿಕ್ಕವಳು ಮಲಗಿರುವಾಗ. ಎರಡೂ ಮೂಗಿನ ಹೊಳ್ಳೆಗೆ ಸರಿಯಾಗಿ ಹೊಂದೋ ಗಾತ್ರ. ಕೆಂಪು ಕಪ್ಪು ಗುಲಗಂಜಿ ಮತ್ತು ಹರಳು ಬೀಜ ಮನೆಯೊಳಗೇ ತರಬೇಡಿ. ಅಗಿದರೆ ಒಂದೆರಡು ಬೀಜವೂ ಮಗುವಿಗೆ ಪ್ರಾಣಾಪಾಯ.

ಗಾಳಿಬೀಡು ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಬಟ್ಟಲು ಬಿಸಾಕಿದೆ. ಬೇಯಿಸಿದ ಹಿಟ್ಟು ಮೂರನೇ ದಿನವೂ ಬೆವರಿಲ್ಲ. ಕಡಂಬುಟ್ಟು ಮಾತ್ರ ಮೊದಲ ಹತ್ತು ಉಂಡೆ ಸರಿ ಬಂತು, ಆಮೇಲಿನವು ಹಬೆಯಲ್ಲಿ ಬಿರುಕು ಬಿಟ್ಟವು. ತರಿ ಅಂಗಡಿಯದ್ದು.

ವಿರಾಜಪೇಟೆ ಅಡುಗೆ

ಮೊದಲಿನವು ಸರಿ ಬಂದಿವೆ ಅಂದರೆ ನೀರಿನ ಅಳತೆ ತಪ್ಪಿಲ್ಲ, ಮಿದ್ದ ಹಿಟ್ಟು ಆರಿದೆ. ಮಕ್ಕಳ ಕೈ ನಿಧಾನ ಅಲ್ವಾ. ಅರ್ಧ ಹಿಟ್ಟನ್ನು ಪಾತ್ರೆಯಲ್ಲೇ ಮುಚ್ಚಿ, ಆ ಪಾತ್ರೆಯನ್ನು ಬಿಸಿನೀರಿನ ಬಾಣಲೆಯ ಮೇಲೆ ಕೂರಿಸಿ, ಬೇಕಾದಷ್ಟೇ ತೆಗೆಯಿರಿ. ಆಗಲೇ ಆರಿದ್ದಕ್ಕೆ ಎರಡು ಚಮಚ ಕುದಿಯುವ ನೀರು ಚಿಮುಕಿಸಿ ಮತ್ತೆ ಮಿದ್ದರೆ ಕೂಡಿಕೊಳ್ಳುತ್ತೆ, ತಣ್ಣೀರು ಹಾಕಿದರೆ ಕೂಡಲ್ಲ. ಅಂಗಡಿ ತರಿ ಹಳೆಯದಾಗಿ ತುಂಬಾ ಒಣಗಿದ್ದರೆ ಮುಂದಿನ ಸಲ ನೀರು 2 ಕಾಲು ಕಪ್ ಇಡಿ. ಬಿರುಕು ಬಿಟ್ಟವನ್ನು ನಾಳೆ ಬೆಳಿಗ್ಗೆ ಪುಡಿ ಮಾಡಿ, ಸಾಸಿವೆ, ಕರಿಬೇವು, ಈರುಳ್ಳಿ ಒಗ್ಗರಣೆಗೆ ಹಾಕಿ ಉಪ್ಪಿಟ್ಟಿನ ಥರ ತಿರುವಿ, ಮಕ್ಕಳು ಇಷ್ಟಪಟ್ಟು ತಿನ್ನುತ್ತಾರೆ.